ಬಂದೂಕಿನ ಮೇಲೆ ಐದು ಬೆರಳು

ಆಗೆಲ್ಲ ಹರಿಹರದ ನಮ್ಮ ಮನೆಯಲ್ಲಿ ಬೇಸಿಗೆ ರಜೆ ಅಂದರೆ ಎರಡು ವಾಸನೆ. ಒಂದು ಉಪ್ಪು-ಖಾರ ಹಚ್ಚಿದ ಮಾವಿನಕಾಯಿಯದು, ಇನ್ನೊಂದು ಹೊಲಿಗೆ ಮಷೀನಿನ ಎಣ್ಣೆಯದು. ಮಾವಿನಕಾಯಿ ನಿಮ್ಮ ಮನೆಗಳಲ್ಲೂ ಇದ್ದೀತು. ಎಣ್ಣೆ ಮಾತ್ರ ನಮ್ಮಜ್ಜಿಯ ಬಂದೂಕಿನದು.

ಹೌದು, ಅಜ್ಜಿಯದೇ. ಕಡರನಾಯಕನಹಳ್ಳಿ ಹತ್ತಿರದ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಅಜ್ಜ ಲೈಸೆನ್ಸ್ ಮಾಡಿಸಿದ್ದ ಜೋಡುನಳಿಗೆ ಬಂದೂಕು, ಅವನು ತೀರಿಕೊಂಡ ಮೇಲೆ ಅವಳ ಹೆಸರಿಗೆ ಬಂದಿತ್ತು. ಅಜ್ಜಿ ಒಂದು ದಿನವೂ ಗುಂಡು ಹಾರಿಸಿದವಳಲ್ಲ. ಆದರೆ ಬೀರುವಿನಲ್ಲಿ ಸುಮ್ಮನಿರುವ ಅದನ್ನು ತಿಂಗಳಿಗೊಮ್ಮೆ ಹೊರಗೆ ತೆಗೆದು, ಅಜ್ಜನ ಹಳೇ ಪಂಚೆಯ ಚೂರಿನಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿ ಇಡುತ್ತಿದ್ದಳು. "ಹೊಳಿ ದಂಡಿ ಊರು, ಗಾಳಿಯಾಗೇ ನೀರೈತೆ" ಅನ್ನುವುದು ಅವಳ ವಾದ. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಎರಡರ ಕೀಲಿಯೂ ಅವಳ ಸೊಂಟದಲ್ಲಿ.

ಅಜ್ಜಿ ಒರೆಸಲು ಕೂತರೆ ಮೊಮ್ಮಕ್ಕಳೆಲ್ಲ ಕುಂಟೆಬಿಲ್ಲೆ ಬಿಟ್ಟು ಓಡಿ ಬರುತ್ತಿದ್ದೆವು. ಎಲ್ಲರಿಗೂ ಬಟ್ಟೆ ಹಿಡಿಯುವ ಭಾಗ್ಯ, ನನಗೊಬ್ಬಳಿಗೆ ಇಲ್ಲ. ನನ್ನ ಅಂಗೈ ಸದಾ ಬೆವರುತ್ತಿತ್ತು. ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ಒದ್ದೆಯಾಗುವಷ್ಟು! "ನೀ ದೂರ ಕೂಡು, ನಿನ್ನ ಕೈಯಾಗ ಬೋರ್‌ವೆಲ್ ಐತೆ" ಎಂದು ಅಜ್ಜಿ ನಗಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು.

ನನಗೆ ಹತ್ತು ವರ್ಷವಿದ್ದಾಗಿನ ರಜೆಯ ಕೊನೆಯಲ್ಲಿ, ಒಂದು ಮಧ್ಯಾಹ್ನ ಅಜ್ಜಿ ಎಣ್ಣೆ ಹಚ್ಚಿ ಮುಗಿಸಿದ್ದಳು. ಅಷ್ಟರಲ್ಲಿ ಬಾಗಿಲಿಗೆ ಬಳೆಗಾರ್ತಿ ಬಂದಳು. ಅಜ್ಜಿ ಎದ್ದು ಎರಡು ಹೆಜ್ಜೆ ಹೋದದ್ದೇ ತಡ, ನಾನು ಮಾವಿನಕಾಯಿ ತಿಂದ ಕೈಯಿಂದಲೇ ನಳಿಗೆಯನ್ನು ಗಟ್ಟಿಯಾಗಿ ಹಿಡಿದೆ. ಎಷ್ಟು ತಣ್ಣಗಿತ್ತು! ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಬಿಟ್ಟುಬಿಟ್ಟೆ. ಅಜ್ಜಿ ಬಂದು, ಏನೂ ಗೊತ್ತಾಗದೆ, ಬೀರುವಿಗಿಟ್ಟು ಕೀಲಿ ಹಾಕಿದಳು.

ಮಳೆ ಹಿಡಿದ ಮೇಲೆ ಲೈಸೆನ್ಸ್ ಹೊಸದು ಮಾಡಿಸುವ ಕಾಗದ ಬಂತು. ಬಂದೂಕನ್ನು ಕಚೇರಿಗೆ ಒಯ್ದು ತೋರಿಸಬೇಕು. ತುಕ್ಕು ಹಿಡಿದಿದ್ದರೆ ಅಲ್ಲೇ ಒಪ್ಪಿಸಿ ಬರಬೇಕಾಗುತ್ತದೆ ಎಂದು ಯಾರೋ ಅಜ್ಜಿಯ ಕಿವಿಗೆ ಹಾಕಿದ್ದರು. ಬೀರು ತೆಗೆದವಳು ಹಾಗೇ ನಿಂತುಬಿಟ್ಟಳು. ನಳಿಗೆಯ ಮೇಲೆ ಕೆಂಪಗೆ ಐದು ಬೆರಳು ಮೂಡಿದ್ದವು.

"ನಿಮ್ಮಪ್ಪ ಹೆಂಗೆ ಇಟ್ಟಿದ್ದ, ನೀ ಹೆಂಗೆ ಮಾಡಿದ್ಯೋ!" ಎಂದು ಅಜ್ಜಿ ತನ್ನ ಕಿರಿಮಗ, ನನ್ನ ಚಿಕ್ಕಪ್ಪನ ಮೇಲೆ ಹರಿಹಾಯ್ದಳು. ಗೆಳೆಯರಿಗೆ ತೋರಿಸಲು ಕೀಲಿ ಕದ್ದಿದ್ದಾನೆ ಎಂದೇ ಅವಳ ಅನುಮಾನ. ನಾವು ಎಂದೂ ಅತ್ತದ್ದು ನೋಡದ ಅಜ್ಜಿ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಅಂಗೈ ತೊಟ್ಟಿಕ್ಕುತ್ತಿತ್ತು.

ಕಚೇರಿಗೆ ಒಯ್ಯುವ ಮುಂಚೆ ತುಕ್ಕು ತೆಗೆಸಲೆಂದು ಮರುದಿನ ಅಜ್ಜಿ, ಚಿಕ್ಕಪ್ಪ, ನಾನು ಮೂವರೂ ದಾವಣಗೆರೆಯ ಬಸ್ ಹತ್ತಿದೆವು. ಚಿಕ್ಕಪ್ಪನ ಹೆಗಲಲ್ಲಿ ಬಂದೂಕು ಕಂಡದ್ದೇ, ತುಂಬಿದ ಬಸ್ಸಿನಲ್ಲಿ ಮೂರು ಸೀಟು ತಾನಾಗಿಯೇ ಖಾಲಿಯಾದವು. ದಾರಿಯುದ್ದಕ್ಕೂ ಅಜ್ಜಿ ಬೈದಳು, ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತ ಕೂತ. ಹೇಳಿಬಿಡಬೇಕು ಅಂತ ನಾನು ಹತ್ತು ಸಲ ಬಾಯಿ ತೆರೆದೆ, ಹತ್ತು ಸಲ ಮುಚ್ಚಿದೆ.

ಬಂದೂಕು ರಿಪೇರಿಯ ಮುನೀರ್ ಚಾಚಾ ಕನ್ನಡಕ ಏರಿಸಿ ನೋಡಿದರು. "ಅಮ್ಮಾರೇ, ಇದು ದೊಡ್ಡೋರ ಕೈ ಅಲ್ರಿ. ಸಣ್ಣ ಕೈ. ಕಬ್ಬಿಣಾನ ಉಪ್ಪು ಬೇರೆ ತಿಂದೈತೆ."

ಮೂವರೂ ನನ್ನ ಕಡೆ ತಿರುಗಿದರು. ಕೈ ಲಂಗದಲ್ಲಿ ಅಡಗಿಸಿಕೊಂಡು ನಾನು ಹೋ ಎಂದು ಅಳತೊಡಗಿದೆ. "ನಾನೇ ಅಜ್ಜಿ! ಚಿಕ್ಕಪ್ಪ ಮುಟ್ಟಿಲ್ಲ! ಬಂದೂಕು ಕೊಟ್ಟುಬಿಡಬ್ಯಾಡ!"

ಅಜ್ಜಿ ನನ್ನನ್ನೊಮ್ಮೆ, ಚಿಕ್ಕಪ್ಪನನ್ನೊಮ್ಮೆ ನೋಡಿದಳು. ಚಿಕ್ಕಪ್ಪ ಹೊಟ್ಟೆ ಹಿಡಿದು ನಕ್ಕ. "ಈಗ ನನಗೆ ಬೈದಿದ್ದೆಲ್ಲ ವಾಪಸ್ ತಗೊಳವ್ವ" ಅಂದದ್ದಕ್ಕೆ ಅಜ್ಜಿಯೂ ತಡೆಯಲಾಗದೆ ನಕ್ಕುಬಿಟ್ಟಳು.

ಚಾಚಾ ಸೀಮೆಎಣ್ಣೆ ಹಾಕಿ, ತಾಮ್ರದ ಕಾಸಿನಿಂದ ನಯವಾಗಿ ಉಜ್ಜಿದರು. ನಾಲ್ಕು ಬೆರಳು ಮಾಯವಾದವು. ಹೆಬ್ಬೆರಳು ಮಾತ್ರ ಮಸುಕಾಗಿ ಉಳಿಯಿತು. "ಇದು ಒಳಗೆ ಇಳ್ದೈತೆ, ಹೋಗಲ್ಲ. ಆದ್ರೆ ನಳಿಗೆ ಗಟ್ಟಿ ಐತೆ, ಪಾಸಾಗ್ತೈತೆ. ಚರ್ಮದ ಚೀಲದಾಗ ಇಡಬ್ಯಾಡ್ರಿ, ಅದು ತೇವ ಕುಡೀತೈತೆ. ನಳಿಗೆ ಬಾಯಿ ಕೆಳಗ್ಮಾಡಿ ನಿಲ್ಸಿ, ಎಣ್ಣೆ ಹಿಡಿಯ ಮರಕ್ಕೆ ಇಳಿಯಲ್ಲ." ಆಮೇಲೆ ನನ್ನ ಒದ್ದೆ ಕೈ ಹಿಡಿದು, "ಇನ್ಮ್ಯಾಲೆ ಎಣ್ಣೆ ಹಚ್ಚೋ ಕೆಲ್ಸ ಈ ಬೇಟಿಗೇ ಕೊಡ್ರಿ. ಜಂಗು ಹಿಡಿಸಿದೋರಿಗೇ ತುಕ್ಕಿನ ಭಯ ಇರ್ತೈತೆ" ಅಂದರು.

"ಈ ಕೈಲೇನ್ರಿ?" ಅಜ್ಜಿ ಗಾಬರಿಯಾದಳು.

"ಸಾಕ್ಸ್ ಹಾಕ್ರಿ ಕೈಗೆ!"

ಅಂದು ತಿಂದ ಮಂಡಕ್ಕಿ, ಮಿರ್ಚಿಯ ರುಚಿ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ. ಕಚೇರಿಯಲ್ಲೂ ಬಂದೂಕು ಪಾಸಾಯಿತು. ಮುಂದೆ ಎಷ್ಟೋ ವರ್ಷ, ಸ್ಕೂಲಿನ ಬಿಳಿ ಸಾಕ್ಸು ಮೊಣಕೈವರೆಗೆ ಎಳೆದುಕೊಂಡು, ಅಜ್ಜಿಯ ಎದುರು ಕೂತು ನಳಿಗೆಗೆ ಎಣ್ಣೆ ಹಚ್ಚಿದವಳು ನಾನು. ಅಣ್ಣತಮ್ಮಂದಿರು ದೂರ ಕೂತು ನೋಡುತ್ತಿದ್ದರು. ಆ ಸುಖವನ್ನು ಏನೆಂದು ಹೇಳಲಿ!

ಈಗ ಹೊಲಕ್ಕೆ ಸೋಲಾರ್ ಬೇಲಿ ಬಂದಿದೆ. ಅಜ್ಜಿ ಹೋದ ಮೇಲೆ ಲೈಸೆನ್ಸ್ ಯಾರಿಗೂ ಬೇಕಾಗಲಿಲ್ಲ. ಹೋದ ವರ್ಷ ಚಿಕ್ಕಪ್ಪ, ನಾನು ಹೋಗಿ ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿ ಬಂದೆವು. ಗುಮಾಸ್ತರು ನಳಿಗೆಯೊಳಗೆ ಇಣುಕಿ, "ಹೊಸದಿದ್ದಂಗೈತಲ್ರಿ!" ಎಂದು ಬೆರಗಾದರು. ಆಮೇಲೆ ಮೇಲ್ಗಡೆ ಬೆರಳಾಡಿಸಿ, "ಇದೊಂದು ಏನ್ರಿ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಸಣ್ಣ ತುಕ್ಕು, ಒಂದು ಕಡೆ" ಎಂದು ಬರೆದುಕೊಂಡು ಸಹಿ ಹಾಕಿಸಿಕೊಂಡರು.

ನನ್ನ ಹತ್ತು ವರ್ಷದ ಹೆಬ್ಬೆರಳು ಈಗ ಸರ್ಕಾರದ ಉಗ್ರಾಣದಲ್ಲಿದೆ. ಅದಕ್ಕೆ ಎಣ್ಣೆ ಹಚ್ಚುವವರು ಯಾರೂ ಇಲ್ಲ.