ಗಾಲಿಯ ಕೆಳಗಿನ ಕೆಂಪು

ಅನುಮಾನ ನನ್ನ ಹುಟ್ಟುಗುಣ. ಹಾಲಿಗೆ ನೀರು ಬೆರೆತಿದೆ ಎಂದು ಒಲೆಯ ಮೇಲಿಡುವ ಮೊದಲೇ ಹೇಳುತ್ತಿದ್ದೆ. ಅಂಗಡಿಯವನು ತೂಕ ಮಾಡುವಾಗ ಅವನ ಕಿರುಬೆರಳು ಎಲ್ಲಿದೆ ಎಂದು ನೋಡುತ್ತಿದ್ದೆ. "ನೀವು ಹೆತ್ತ ತಾಯಿನಾದ್ರೂ ನಂಬಿದ್ರಾ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ನಂಬಿದ್ದೆ, ಆದರೆ ಒಂದು ಕಣ್ಣಿಟ್ಟೇ ನಂಬಿದ್ದೆ. ಡ್ರೈವರ್ ಕೆಲಸಕ್ಕೆ ಈ ಗುಣ ಒಳ್ಳೆಯದು ಎಂಬ ಹೆಮ್ಮೆಯೂ ಇತ್ತು.

ಕಡೂರಿನಿಂದ ಬೀರೂರು, ಅಜ್ಜಂಪುರದ ಮೇಲೆ ತರೀಕೆರೆಗೆ ಹೋಗಿಬರುವ ಖಾಸಗಿ ಬಸ್ಸು ನನ್ನದು. ನನ್ನದು ಎಂದರೆ ಓಡಿಸುತ್ತಿದ್ದವನು ನಾನು, ಬಸ್ಸು ಯಜಮಾನರದ್ದು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ಹಳೆಯ ಬಸ್ಸನ್ನು ಮಾರಿ, ದೂರದ ಯಾವುದೋ ಕಾರ್ಖಾನೆ ತನ್ನ ಕೆಲಸಗಾರರಿಗಾಗಿ ಇಟ್ಟುಕೊಂಡಿದ್ದ ಬಸ್ಸೊಂದನ್ನು ತಂದರು. ಅದಕ್ಕೆ ಪವರ್ ಸ್ಟೇರಿಂಗ್ ಇತ್ತು. ನಮ್ಮ ರೂಟಿನಲ್ಲಿ ಬೇರಾವ ಬಸ್ಸಿಗೂ ಇರಲಿಲ್ಲ. ಹಳೆಯ ಬಸ್ಸನ್ನು ಅಜ್ಜಂಪುರದ ಪೇಟೆಯಲ್ಲಿ ತಿರುಗಿಸಬೇಕಾದರೆ ಸೀಟಿನಿಂದ ಅರ್ಧ ಎದ್ದು ಮೈಭಾರ ಹಾಕಬೇಕಿತ್ತು. ಇದು ಎರಡು ಬೆರಳಿಗೆ ತಿರುಗುತ್ತಿತ್ತು. ಇಷ್ಟು ಸಲೀಸಾಗಿ ತಿರುಗುವ ವಸ್ತುವಿನಲ್ಲಿ ಏನೋ ಮೋಸವಿರಲೇಬೇಕು ಎಂದು ಮೊದಲ ದಿನವೇ ಅನ್ನಿಸಿತ್ತು.

ಬಸ್ಸಿಗೆ ಇಬ್ಬರು ಡ್ರೈವರುಗಳು. ಒಂದು ವಾರ ನಾನು, ಇನ್ನೊಂದು ವಾರ ಅಜ್ಜಂಪುರದವನೊಬ್ಬ. ನನಗಿಂತ ಐದಾರು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಿದ್ದ. ಅವರದು ಊರಾಚೆಯ ಕೇರಿಯಲ್ಲಿ ಬೌದ್ಧರಾದವರ ಮನೆ. ನಾನು ವಿಭೂತಿ ಹಚ್ಚದೆ ಸ್ಟೇರಿಂಗ್ ಮುಟ್ಟುವವನಲ್ಲ. ಅವನು ಒಂದು ಊದುಬತ್ತಿಯನ್ನೂ ಹಚ್ಚದೆ ಸ್ವಿಚ್ ಹಾಕಿ ಹೊರಡುತ್ತಿದ್ದ. ನನ್ನ ಅನುಮಾನ ಅವನ ಮೇಲೆ ಬೇಗ ಕೂತದ್ದಕ್ಕೆ ಇದೂ ಕಾರಣ. ಆಗ ಇದನ್ನು ಒಪ್ಪುತ್ತಿರಲಿಲ್ಲ, ಈಗ ಒಪ್ಪುತ್ತೇನೆ.

ಬಸ್ಸು ರಾತ್ರಿ ತಂಗುತ್ತಿದ್ದುದು ಕಡೂರಿನಲ್ಲಿ, ಯಜಮಾನರ ಶೆಡ್ಡಿನ ಮುಂದೆ. ನನ್ನ ಮನೆ ಅಲ್ಲೇ ಪಕ್ಕದ ಬೀದಿ. ಹಾಗಾಗಿ ಶುಕ್ರವಾರದ ಪೂಜೆ ಯಾರ ವಾರವಾದರೂ ನನ್ನದೇ. ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಕೆಂಪಗಾಗುತ್ತದಲ್ಲ, ಆ ಓಕುಳಿಯಲ್ಲಿ ಬಸ್ಸಿಗೆ ಆರತಿ ಎತ್ತಿ, ಮುಂದಿನ ಎರಡು ಗಾಲಿಗೂ ಸುರಿಯುತ್ತಿದ್ದೆ. ದೃಷ್ಟಿ ತಾಗಬಾರದೆಂದು ಬಲಗಾಲಿಗೆ ಒಂದು ಬೊಗಸೆ ಹೆಚ್ಚೇ ಸುರಿಯುತ್ತಿದ್ದೆ.

ಆರು ತಿಂಗಳಾಗಿರಬಹುದು, ಸ್ಟೇರಿಂಗಿನ ಪಂಪು ಕೂಗಲು ಶುರುಮಾಡಿತು. ನೇರ ರಸ್ತೆಯಲ್ಲಿ ಸದ್ದಿಲ್ಲ. ನಿಂತಲ್ಲೇ ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಮಾತ್ರ ಬಾನೆಟ್ ಕೆಳಗಿನಿಂದ ಗುಂಯ್ ಎಂದು ನರಳುತ್ತಿತ್ತು. ಎಣ್ಣೆಯ ಡಬ್ಬದ ಮುಚ್ಚಳ ತೆಗೆದರೆ ಮಟ್ಟ ಇಳಿದಿರುತ್ತಿತ್ತು. ಅದಕ್ಕೆ ಹಾಕುವುದು ಕೆಂಪಗಿನ ತೆಳು ಎಣ್ಣೆ, ನಾವು ಕೆಂಪಾಯಿಲ್ ಎನ್ನುತ್ತಿದ್ದೆವು. ಕಡೂರಿನಲ್ಲಿ ಸಿಗುತ್ತಿರಲಿಲ್ಲ, ಶಿವಮೊಗ್ಗದಿಂದ ತರಿಸಬೇಕು. ಯಜಮಾನರು ತರಿಸಿದ ಡಬ್ಬವನ್ನು ನಾನು ನನ್ನ ಮನೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ.

ಒಂದು ಸೋಮವಾರ ನಾನು ಬಸ್ಸು ವಹಿಸಿಕೊಡುವಾಗ ಅವನು, "ಅಣ್ಣ, ಪಂಪು ಗಾಳಿ ಎಳೀತೈತೆ. ಎಲ್ಲೋ ಸೋರ್ತೈತೆ ಕಣಣ್ಣ. ಒಂದಿಷ್ಟು ಕೆಂಪಾಯಿಲ್ ಕೊಡಿ" ಎಂದ.

"ನನ್ ವಾರದಲ್ಲಿ ಸೋರದ್ದು ನಿನ್ ವಾರದಲ್ಲಿ ಹೆಂಗಪ್ಪ ಸೋರುತ್ತೆ?" ಎಂದೆ. ನನ್ನ ವಾರದಲ್ಲೂ ನಾನು ದಿನಾ ಬೆಳಿಗ್ಗೆ ಒಂದಿಷ್ಟು ಸುರಿಯುತ್ತಿದ್ದೆ. ಬಿಸಿಲಿಗೆ ಆವಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆದರೂ ಬಗ್ಗಿ ನೋಡಿದೆ. ಗಾಲಿಯ ಪಕ್ಕ ನೆಲ ಕೆಂಪಗಿತ್ತು. "ನೋಡಿ, ಅಲ್ಲೈತಲ್ಲ" ಎಂದು ಅವನು ಬೆರಳು ತೋರಿಸಿದ. ನನಗೆ ನಗು ಬಂತು. "ಅದು ನಾನು ಹುಯ್ದ ಓಕುಳಿ ಕಣೋ. ಪೂಜೆ ಮಾಡೋರಿಗಲ್ವ ಅದು ಗೊತ್ತಾಗೋದು" ಎಂದೆ. ಕೆಂಪಾಯಿಲ್ ಕೊಡದೆ ಕಳಿಸಿದೆ. ಅವನು ಆ ಮಾತನ್ನು ಇನ್ನೊಂದು ಸಲ ಎತ್ತಲಿಲ್ಲ.

ಟ್ರಂಕಿನ ಡಬ್ಬ ಖಾಲಿಯಾದಾಗ ನಾನು ಎಂಜಿನ್ ಆಯಿಲ್ ಹಾಕಿದೆ. ಎರಡೂ ಎಣ್ಣೆಯೇ ತಾನೆ. ಬೇಡ ಎಂದು ಅವನು ಹೇಳಿದ್ದ, ಗಟ್ಟಿ ಎಣ್ಣೆ ಆ ಪಂಪಿಗೆ ಒಗ್ಗುವುದಿಲ್ಲ ಎಂದಿದ್ದ. ಕೆಂಪಾಯಿಲ್ಲೇ ಆಗಬೇಕೆಂದು ಇವನಿಗೇಕೆ ಇಷ್ಟು ಹಟ ಎಂದು ನಾನು ಯೋಚಿಸಿದೆ. ಅಜ್ಜಂಪುರದಲ್ಲಿ ಅವನ ಅಣ್ಣನಿಗೆ ಒಂದು ಟ್ರ್ಯಾಕ್ಟರ್ ಇತ್ತು. ಟ್ರ್ಯಾಕ್ಟರಿಗೂ ಎಣ್ಣೆ ಬೇಕು. ನನ್ನ ತಲೆಯಲ್ಲಿ ಎರಡಕ್ಕೂ ಗಂಟು ಬಿತ್ತು.

ಅವನ ವಾರವೊಂದು ಮುಗಿದ ಸೋಮವಾರ ಬಸ್ಸು ವಹಿಸಿಕೊಂಡಾಗ ಡ್ರೈವರ್ ಸೀಟಿನ ಹಿಂದೆ ಅವನ ಚೀಲ ಉಳಿದಿತ್ತು. ಕೈ ಹಾಕಿದೆ. ಒಂದು ಹಳೆಯ ಹಾಲಿನಪುಡಿ ಡಬ್ಬ, ಅದರೊಳಗೆ ನಾಲ್ಕು ಬೆರಳು ಎಣ್ಣೆ. ಎಂಜಿನ್ ಆಯಿಲ್ ಬೆರೆತು ಕಂದಾಗಿದ್ದರೂ ಕೆಂಪು ಛಾಯೆ ಕಾಣುತ್ತಿತ್ತು. ಕೆಂಪು ಹತ್ತಿದ ಒಂದು ಬಟ್ಟೆಯೂ ಇತ್ತು. ಆಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಚೀಲ ಸಮೇತ ಯಜಮಾನರ ಮುಂದೆ ನಿಂತೆ. ಅವನನ್ನು ಬಸ್‌ಸ್ಟ್ಯಾಂಡಿನಿಂದ ಕರೆಸಿದರು. "ಇದೇನಪ್ಪ?" ಎಂದರು ಯಜಮಾನರು.

"ಸೋರ್ತಿತ್ತು ಬುದ್ಧಿ. ಆಯಿಲ್ ಕೊಡಲ್ಲ ಅಂದ್ರು. ಅದಕ್ಕೆ ಬಸ್ ನಿಲ್ಸಿದಾಗ ಡಬ್ಬ ಕೆಳಗಿಟ್ಟು, ಬಿದ್ದಿದ್ದನ್ನ ಸೋಸಿ ವಾಪಸ್ ಹಾಕ್ತಿದ್ದೆ."

"ಸುಳ್ಳಿಗೂ ಒಂದು ಮಿತಿ ಬೇಡ್ವೇನೋ?" ಎಂದೆ ನಾನು.

ಅವನು ನನ್ನ ಕಡೆ ನೋಡಲಿಲ್ಲ, ಯಜಮಾನರನ್ನೇ ನೋಡುತ್ತಿದ್ದ. ಅವರು ನನ್ನ ಹಣೆಯ ವಿಭೂತಿ ನೋಡಿದರೋ, ನನ್ನ ಹದಿನಾಲ್ಕು ವರ್ಷದ ಸರ್ವಿಸ್ ನೋಡಿದರೋ ಗೊತ್ತಿಲ್ಲ. ನಾಳೆಯಿಂದ ಬರಬೇಡ ಎಂದರು. ಅವನು ಚೀಲ ತೆಗೆದುಕೊಂಡ, ಡಬ್ಬವನ್ನು ಅಲ್ಲೇ ಬಿಟ್ಟು ಹೋದ. ಎಣ್ಣೆ ಕದ್ದ ಡ್ರೈವರ್ ಎಂಬ ಮಾತು ಆ ವಾರವೇ ಬೀರೂರು, ತರೀಕೆರೆ ಬಸ್‌ಸ್ಟ್ಯಾಂಡುಗಳನ್ನು ಮುಟ್ಟಿತು. ಮುಟ್ಟಿಸಿದವನು ನಾನೇ.

ಕಳ್ಳ ಹೋದ ಮೇಲೆ ಎಣ್ಣೆಯ ಮಟ್ಟ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಹೊಸದಾಗಿ ಬಂದ ಡ್ರೈವರನ ಮೇಲೂ ಒಂದು ವಾರ ಅನುಮಾನಪಟ್ಟೆ. ಹದಿನೈದನೇ ದಿನ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ, ಜನ ತುಂಬಿಕೊಂಡು ಹಿಂದಕ್ಕೆ ತೆಗೆಯುವಾಗ, ಪಂಪು ಕಿರುಚಿ ಸ್ಟೇರಿಂಗ್ ಕಲ್ಲಾಯಿತು. ಹೂವಿನಂಗಡಿಗೆ ಒಂದು ಮೊಳವಿರುವಾಗ ಬಸ್ಸು ನಿಂತಿತು. ಜನರನ್ನು ಇಳಿಸಿ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋದೆ.

ಅಲ್ಲೊಬ್ಬರು ಮುದುಕರಿದ್ದರು. ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ದೊಡ್ಡ ಗಾಡಿಗಳ ರಿಪೇರಿ ಮಾಡಿ ನಿವೃತ್ತರಾದವರು. ಬಸ್ಸಿನ ಹತ್ತಿರ ಬಂದು, ಎಂಜಿನ್ ಚಾಲು ಮಾಡಿಸಿ, ಸ್ಟೇರಿಂಗ್ ಒಂದು ಸಲ ತಿರುಗಿಸಲು ಹೇಳಿ ಕಿವಿಗೊಟ್ಟರು. "ಬೆಲ್ಟ್ ಸಡಿಲಾದ್ರೆ ಕೀಚಲು ಸದ್ದು ಬರ್ತೈತೆ. ಇದು ಆ ಸದ್ದಲ್ಲ. ಹೊಟ್ಟೆಗಿಲ್ದೆ ನರಳ್ತೈತೆ" ಎಂದರು. ಮುಚ್ಚಳ ತೆಗೆದರೆ ಒಳಗೆಲ್ಲ ನೊರೆ. "ಗಾಳಿ ಹೊಕ್ಕೈತೆ. ಇದೇನ್ ಹಾಕಿದೀರಿ?"

ಎಂಜಿನ್ ಆಯಿಲ್ ಎಂದೆ.

"ಪಪ್ಪಾಯಿ ದಂಟಲ್ಲಿ ನೀರು ಎಳ್ಕೊಂಡು ಕುಡೀಬೋದು. ಅಂಬ್ಲಿ ಎಳೀರಿ ನೋಡಣ. ಬೆಳಗಿನ ಚಳಿಗೆ ಈ ಎಣ್ಣೆ ಕೊಳವೆಲಿ ಹರಿಯಾದೇ ಇಲ್ಲ, ಪಂಪು ಬರೀ ಗಾಳಿ ಕಡೀತೈತೆ. ಕಂಪ್ನಿಯೋರು ಪುಸ್ತಕ್ದಲ್ಲಿ ಏನ್ ಬರ್ದವ್ರೋ ಅದನ್ನೇ ಹಾಕ್ಬೇಕು. ಒಂದಕ್ಕೊಂದು ಬೆರೆಸ್ಲೂಬಾರ್ದು."

ಮೊಣಕಾಲೂರಿ ಕೆಳಗೆ ನುಸುಳಿದ ಅವರು ಪಂಪಿಗೆ ಹೋಗುವ ರಬ್ಬರ್ ಪೈಪಿನ ಬುಡವನ್ನು ತಡವಿ ಕೈ ಹೊರಚಾಚಿದರು. ಬೆರಳಿಗೆ ದಪ್ಪಗೆ ಧೂಳು ಕಟ್ಟಿದ ಕೆಂಪು ಜಿಡ್ಡು ಹತ್ತಿತ್ತು. "ಕ್ಲಿಪ್ಪು ಸಡಿಲ, ಪೈಪು ಬಿರುಕು ಬಿಟ್ಟೈತೆ. ನಿಂತಾಗ ಎಣ್ಣೆ ಹೊರಗೆ, ಓಡುವಾಗ ಗಾಳಿ ಒಳಗೆ. ಇದು ನಿನ್ನೆ ಮೊನ್ನೇದಲ್ಲ, ತಿಂಗ್ಳಾನುಗಟ್ಲೆ ಸೋರೈತೆ. ನೆಲ ನೋಡ್ತಿರ್ಲಿಲ್ವ ನೀವು?"

ನೋಡುತ್ತಿದ್ದೆ. ಪ್ರತಿ ಶುಕ್ರವಾರ ನಾನೇ ಕೆಂಪು ಮಾಡಿದ ನೆಲವನ್ನು ವಾರವೆಲ್ಲ ನೋಡುತ್ತಿದ್ದೆ.

ಪೈಪು ಬದಲಾಯಿಸಿ, ಹಳೆಯದನ್ನೆಲ್ಲ ಬಸಿದು ತೊಳೆದು, ಕೆಂಪಾಯಿಲ್ ತುಂಬಿಸಿದ ಮೇಲೆ ಪಂಪಿನ ಸದ್ದು ಅಡಗಿತು. ಕಡೂರಿಗೆ ಬಂದವನೇ ಶೆಡ್ಡಿನ ಮುಂದೆ ಬಲಗಾಲಿ ನಿಲ್ಲುವ ಜಾಗಕ್ಕೆ ಒಂದು ಚೊಂಬು ನೀರು ಸುರಿದೆ. ನೀರು ಇಂಗಲಿಲ್ಲ, ಹನಿಹನಿಯಾಗಿ ಪಕ್ಕಕ್ಕೆ ಜಾರಿತು. ಓಕುಳಿ ಮಣ್ಣಿಗೆ ಬಿದ್ದ ಮಾರನೆಯ ದಿನವೇ ಹಳದಿಗೆ ತಿರುಗಿ ಮಾಸುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಕಡ್ಡಿಯಿಂದ ಕೆದಕಿದೆ, ಒಂದು ಗೇಣು ಆಳದವರೆಗೂ ಮಣ್ಣು ಜಿಡ್ಡಾಗಿತ್ತು.

ಯಜಮಾನರಿಗೆ ಎಲ್ಲ ಹೇಳಿದೆ. ಅವರು "ನೀನೇ ಹೋಗಿ ಕರ್ಕೊಂಡ್ ಬಾ" ಎಂದರು.

ಭಾನುವಾರ ಅಜ್ಜಂಪುರಕ್ಕೆ ಹೋದೆ. ಹಳೆಯ ಬಸ್ಸಿನ ಕಾಲದಿಂದ ಎರಡು ವರ್ಷ ಒಂದೇ ಸೀಟಿನಲ್ಲಿ ಕೂತವರು ನಾವು, ಆದರೆ ಅವನ ಮನೆಗೆ ನಾನು ಹೋದದ್ದು ಅದೇ ಮೊದಲು. ಅಂಗಳದಲ್ಲಿ ಅಣ್ಣನ ಟ್ರ್ಯಾಕ್ಟರಿನ ಟ್ರೇಲರ್ ತೊಳೆಯುತ್ತಿದ್ದ. ಬೇರೆ ಬಸ್ಸಿನವರು ಯಾರೂ ಸೇರಿಸಿಕೊಂಡಿರಲಿಲ್ಲ. ನನ್ನನ್ನು ನೋಡಿ ಜಗುಲಿಯ ಮೇಲೆ ಚಾಪೆ ಹಾಸಿದ. ನಿಂತುಕೊಂಡೇ ಎಲ್ಲ ಹೇಳಿದೆ. ಪೈಪಿನ ವಿಷಯ, ಓಕುಳಿಯ ವಿಷಯ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಜೀವನದಲ್ಲಿ ಅಷ್ಟು ಸ್ಪಷ್ಟವಾಗಿ ಆ ಮಾತನ್ನು ಇನ್ಯಾರಿಗೂ ಹೇಳಿಲ್ಲ.

ಅವನು ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದ. ನನ್ನ ಕೈ ಮೇಲೇಳಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಇರಬಹುದು, ಅಷ್ಟೇ. ಅಷ್ಟರಲ್ಲಿ ಅವನು ನನ್ನ ಮುಖ ನೋಡಿದ, ನನ್ನ ಹಣೆ ನೋಡಿದ.

"ಬೇಡ ಬಿಡಿ ಅಣ್ಣ," ಎಂದು ಲೋಟವನ್ನು ಜಗುಲಿಯ ಅಂಚಿಗೆ ಇಟ್ಟುಬಿಟ್ಟ. "ಬಸ್ಸಿಗೆ ನಾನು ಬರಲ್ಲ."

ಹಾಗಲ್ಲ ಕಣೋ ಎಂದೆ. ಲೋಟ ತೆಗೆದುಕೊಂಡು ಗಟಗಟ ಕುಡಿದೂ ಬಿಟ್ಟೆ. ಅವನು ಆಗಲೇ ಟ್ರೇಲರಿನ ಕಡೆ ತಿರುಗಿದ್ದ. ನನ್ನ ಕೈ ತಡೆದದ್ದು ನಾಚಿಕೆಗೆ ಎಂದು ಇಷ್ಟು ವರ್ಷವೂ ನನಗೆ ನಾನು ಹೇಳಿಕೊಂಡು ಬಂದಿದ್ದೇನೆ. ಹಾಲಿನವನಿಂದ ಹಿಡಿದು ಹೆತ್ತ ತಾಯಿಯವರೆಗೆ ಎಲ್ಲರ ಮೇಲೂ ಕಣ್ಣಿಟ್ಟವನು ನಾನು. ಆ ಒಂದು ಉಸಿರಿನ ಬಗ್ಗೆ ನಾನು ಹೇಳುವುದನ್ನು ನನಗೇ ನಂಬಲಾಗುವುದಿಲ್ಲ.