ಪಂಪ್ ಹಾಕುವ ಮುಂಚಿನ ಕೂಗು

ಟೈಪಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತಾರು ವರ್ಷ ಊರವರ ಅರ್ಜಿ, ಪ್ರಶ್ನೆಪತ್ರಿಕೆ, ಪ್ರಬಂಧ ಟೈಪ್ ಮಾಡಿ ಮಾಡಿ ಅದನ್ನು ಅವನೂ ಮರೆತಂತಿದ್ದ. ಮೂರು ಮಹಡಿಯ ಕಟ್ಟಡದಲ್ಲಿ ಕೆಳಗಿನ ಮನೆ ಅವನದು. ಅದರ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಕೂತಿತ್ತು ಅವನ ಡೆಸ್ಕ್‌ಟಾಪ್. ಪೆಟ್ಟಿಗೆಯ ಎಡಗೆನ್ನೆಗೆ ಒಂದು ಬಿಟ್ಟರೆ ಏಳುತ್ತಿತ್ತು, ಟೇಬಲ್ ಫ್ಯಾನ್ ಹಿಡಿದರೆ ಉಸಿರಾಡುತ್ತಿತ್ತು, ಕಟ್ಟಡದ ನೀರಿನ ಪಂಪ್ ಶುರುವಾಯಿತೋ, ಕರೆಂಟ್ ಕುಗ್ಗಿ ಪ್ರಾಣ ಬಿಡುತ್ತಿತ್ತು. ಅದಕ್ಕೇ ಮೇಲಿನ ಮನೆಯ ಅಜ್ಜಿ ಸ್ವಿಚ್ ಒತ್ತುವ ಮುಂಚೆ ಮೆಟ್ಟಿಲ ಮೇಲಿಂದ ಕೂಗುತ್ತಿದ್ದಳು:

“ಟೈಪಣ್ಣಾ, ಪಂಪ್ ಹಾಕ್ತೀನಿ, ಸೇವ್ ಮಾಡ್ಕೋ!”

ಸೇವ್ ಅಂದರೇನೆಂದು ಅಜ್ಜಿಗೆ ಗೊತ್ತಿರಲಿಲ್ಲ. ಟೈಪಣ್ಣನ ಬೆರಳಿಗೆ ಗೊತ್ತಿತ್ತು. ದಿನಕ್ಕೆ ನಾಲ್ಕು ಕೂಗು, ನಾಲ್ಕು ಸೇವ್.

ಲ್ಯಾಪ್‌ಟಾಪ್ ಕೊಳ್ಳಬೇಕೆಂದು ಎರಡು ವರ್ಷದಿಂದ ಅಳೆದೂ ಸುರಿದೂ ನೋಡುತ್ತಿದ್ದ. ಅದರ ತೂಕ, ಇದರ ಪರದೆ, ಮತ್ತೊಂದರ ಕೀಲಿಮಣೆ, ಎಲ್ಲ ಬಾಯಿಪಾಠ. ಅವನ ಮಾತು ಕೇಳಿ ಬೀದಿಯಲ್ಲಿ ಹನ್ನೊಂದು ಜನ ಕೊಂಡರು. ಕೊನೆಗೆ ಕ್ಷೌರದಂಗಡಿಯವನೂ ಕೊಂಡ.

“ಹನ್ನೊಂದು ಮದುವೆ ಮಾಡಿಸಿದ ಬ್ರಹ್ಮಚಾರಿ ನೀವು,” ಎಂದಳು ಹೊಲಿಗೆ ಯಂತ್ರದ ಹಿಂದಿನಿಂದ ಹೆಂಡತಿ.

“ಅವಸರ ಮಾಡಿದ್ರೆ ಕೆಡುತ್ತೆ ಕಣೆ.”

“ಮಾಡದೆಯೂ ಕೆಟ್ಟಿದೆಯಲ್ಲ, ಅಲ್ಲಿ ನೋಡಿ.”

ಅಷ್ಟರಲ್ಲಿ ಶಾಲೆಯ ಟೀಚರಮ್ಮ ತನ್ನ ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ತಂದಳು. ಆರು ವರ್ಷದ ಓದು. ಸೋಮವಾರ ಸಂಜೆ ಐದರೊಳಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸದಿದ್ದರೆ ಅಷ್ಟೂ ನೀರಿನಲ್ಲಿ ಹೋಮ. ಡೆಸ್ಕ್‌ಟಾಪ್ ಅವಳ ನಾಲ್ಕನೇ ಅಧ್ಯಾಯವನ್ನು ಒಮ್ಮೆ ನುಂಗಿಯೂ ಆಗಿತ್ತು.

“ಅಣ್ಣಾ, ಇನ್ನೊಂದ್ಸಲ ಹೀಗಾದ್ರೆ ನಾನು ಅಳ್ತೀನೋ, ನಿಮ್ಮನ್ನ ಹೊಡಿತೀನೋ ಗೊತ್ತಿಲ್ಲ,” ಎಂದಳು.

ಎರಡು ವರ್ಷದಲ್ಲಿ ಆಗದ ತೀರ್ಮಾನ ಆ ಮಾತಿಗೆ ಆಯಿತು. ಶನಿವಾರ ಟೈಪಣ್ಣ ಒಂಬತ್ತು ಪುಟದ ಪಟ್ಟಿ ಹಿಡಿದು ಲ್ಯಾಪ್‌ಟಾಪ್ ಅಂಗಡಿಗೆ ಹೋದ. ಅಂಗಡಿಯವನು ಪಟ್ಟಿಯನ್ನು ಮಡಚಿ ವಾಪಸ್ ಕೊಟ್ಟು ಕೇಳಿದ: “ಇದರಲ್ಲಿ ಏನು ಮಾಡ್ತೀರಿ ಸಾರ್?”

“ಟೈಪ್ ಮಾಡ್ತೀನಿ.”

“ಹಾಗಾದ್ರೆ ಯಾವುದಾದ್ರೂ ಆಗುತ್ತೆ ಬಿಡಿ.”

ಟೈಪಣ್ಣನಿಗೆ ಮುಖಕ್ಕೆ ಹೊಡೆದಂತಾಯಿತು. ಆ ಸಿಟ್ಟಿನಲ್ಲೇ, ಬ್ಯಾಟರಿ ಒಂಬತ್ತು ಗಂಟೆ ಬರುತ್ತದೆಂದು ಬರೆದಿದ್ದ ಒಂದನ್ನು ಎತ್ತಿಕೊಂಡು ಬಂದ. ಬಂದವನು ಮೆಟ್ಟಿಲ ಬುಡದಲ್ಲಿ ನಿಂತು, ಕಟ್ಟಡಕ್ಕೆಲ್ಲ ಕೇಳುವಂತೆ ಸಾರಿದ:

“ಅಜ್ಜೀ, ಇನ್ನು ಕೂಗೋ ಕಷ್ಟ ಬೇಡ! ಕರೆಂಟ್ ಹೋದ್ರೂ ನಮ್ದು ನಡಿಯುತ್ತೆ!”

ಭಾನುವಾರ ಬೆಳಿಗ್ಗೆ ಕೊನೆಯ ಅಧ್ಯಾಯ ಹಿಡಿದ. ಚಾರ್ಜರ್ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಒಂಬತ್ತು ಗಂಟೆ ಬರುವ ಬ್ಯಾಟರಿಗೆ ಅದೇಕೆ? ಮೇಲೆ ಪಂಪ್ ಗುಂಯ್ ಎಂದಿತು, ಲ್ಯಾಪ್‌ಟಾಪ್ ಅಲುಗಲಿಲ್ಲ. ಟೈಪಣ್ಣ ಮೀಸೆಯಡಿ ನಕ್ಕ. ಪರದೆಯ ಮೂಲೆಯಲ್ಲಿ ಏನೋ ಎಚ್ಚರಿಕೆ ಬಂತು. ಡೆಸ್ಕ್‌ಟಾಪ್ ದಿನಕ್ಕೆ ಇಪ್ಪತ್ತು ಎಚ್ಚರಿಕೆ ಕೊಡುತ್ತಿತ್ತು. ಓದದೆ ಓಡಿಸುವುದು ಅವನಿಗೆ ರೂಢಿ. ಇದನ್ನೂ ಓಡಿಸಿದ. ಇಪ್ಪತ್ತೆರಡನೇ ಪುಟದ ಹೊತ್ತಿಗೆ ಪರದೆ ಕಪ್ಪಾಯಿತು.

ಚಾರ್ಜರ್ ಸಿಕ್ಕಿಸಿ ಮತ್ತೆ ತೆರೆದರೆ ಅಧ್ಯಾಯದ ಶೀರ್ಷಿಕೆಯೂ ಇರಲಿಲ್ಲ. ಬೆಳಿಗ್ಗೆಯಿಂದ ಯಾರೂ ಕೂಗಿರಲಿಲ್ಲ, ಅವನೂ ಸೇವ್ ಮಾಡಿರಲಿಲ್ಲ.

“ಒಂಬತ್ತು ಗಂಟೆ ಅಂತ ಬರ್ದಿತ್ತು ಕಣೆ!”

“ಡಬ್ಬದ ಮೇಲೆ ಬರ್ದಿತ್ತು. ಒಳಗೆ ಚಾರ್ಜ್ ಎಷ್ಟಿತ್ತು ಅಂತ ನೋಡಿದ್ರಾ?” ಎಂದಳು ಹೆಂಡತಿ. ಬೈಯಲು ಇನ್ನೂ ಬೇಕಾದಷ್ಟಿತ್ತು, ಆದರೆ ಕತ್ತರಿ ಕೆಳಗಿಟ್ಟು, ಟೀಚರಮ್ಮನ ಕೈಬರಹದ ಹಾಳೆ ಎತ್ತಿಕೊಂಡಳು. “ಹೂಂ, ಕೂತ್ಕೊಳ್ಳಿ. ನಾನು ಓದ್ತೀನಿ, ನೀವು ಹೊಡೀರಿ.”

ಟೈಪಣ್ಣ ಕೂರಲಿಲ್ಲ. ಮೊದಲು ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲು ತಟ್ಟಿದ.

“ಅಜ್ಜೀ, ಪಂಪ್ ಹಾಕುವಾಗ ಮುಂಚಿನ ಹಾಗೇ ಕೂಗಿ. ಇವತ್ತು ನಾಳೆ, ಪಂಪ್ ಹಾಕದಿದ್ರೂ ಕೂಗಿ.”

“ಅಯ್ಯೋ, ಅದು ಹೊಸದಲ್ವೇನಪ್ಪಾ?”

“ಅದು ಹೊಸದೇ ಅಜ್ಜಿ. ಮುಂದೆ ಕೂರೋನು ಹಳಬ.”

ಅಜ್ಜಿ ಎರಡು ದಿನದಲ್ಲಿ ಮೂವತ್ತೊಂದು ಸಲ ಕೂಗಿದಳು. ಸೋಮವಾರ ನಾಲ್ಕೂಮುಕ್ಕಾಲಿಗೆ ಟೀಚರಮ್ಮ ಪ್ರಬಂಧ ಒಪ್ಪಿಸಿ ರಸೀದಿ ಪಡೆದಳು. ಮರುದಿನ ಕೊಳ್ಳುವವರಲ್ಲಿ ಹನ್ನೆರಡನೆಯವನು ಬಂದು ಯಾವ ಲ್ಯಾಪ್‌ಟಾಪ್ ಒಳ್ಳೆಯದೆಂದು ಟೈಪಣ್ಣನನ್ನು ಕೇಳಿದ.

“ಯಾವುದಾದ್ರೂ ಆಗುತ್ತೆ ಬಿಡಿ,” ಎಂದ ಟೈಪಣ್ಣ. “ನಿಮ್ಮ ಮೇಲಿನ ಮನೇಲಿ ಯಾರಿದ್ದಾರೆ ಹೇಳಿ.”