ದೊಡ್ಡವ್ವನ ಎರಡನೇ ಮಾತು

ಎದುರುಮನೆ ದೊಡ್ಡವ್ವನ ಬಲಹುಬ್ಬಿನ ಮೇಲೆ ಸದಾ ಕಡಲೆಹಿಟ್ಟು ಅಂಟಿರುತ್ತಿತ್ತು. ತಳಕಲ್ ಊರಿನ ನಮ್ಮ ಓಣಿಯ ಬಾಯಲ್ಲಿ ಕೂತು ಮಿರ್ಚಿ ಭಜಿ ಕರಿಯುತ್ತ, ಹಿಟ್ಟಿನ ಕೈಯಲ್ಲೇ ಬೆವರು ಒರೆಸಿಕೊಳ್ಳುತ್ತಿದ್ದಳು.

ಕೇಂದ್ರದ ಭದ್ರತಾ ಪಡೆಗೆ ನಾನು ಆಯ್ಕೆಯಾಗಿದ್ದೆ. ಪೊಲೀಸರು ಊರಿಗೆ ಬಂದು ನನ್ನ ಪೂರ್ವಾಪರ ವಿಚಾರಿಸುವುದು ಬಾಕಿ ಇತ್ತು. ಕಾಲೇಜಿನಲ್ಲಿದ್ದಾಗಿನ ಒಂದು ಕೇಸಿನಿಂದ ನೌಕರಿ ತಪ್ಪೀತೆಂಬ ಅಂಜಿಕೆಯಿಂದ ಆಯ್ಕೆಯ ಸುದ್ದಿಯನ್ನು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನು ನೀರು ತರುತ್ತಿದ್ದಾಗಲೇ ಪೇದೆ ಬೈಕಿನಲ್ಲಿ ಬಂದು, ದೊಡ್ಡವ್ವನ ಬಾಣಲೆಯ ಮುಂದೆ ನಿಂತು ನನ್ನ ಹೆಸರು ಹೇಳಿದರು. ಹಿಂದೆ ಕೂಲಿ ಜಗಳದಲ್ಲಿ ಓಣಿಯವರನ್ನು ಹಿಡಿದೊಯ್ದ ಕಾಲದಿಂದಲೂ, ಪೊಲೀಸರು ಯಾರ ಹೆಸರು ಕೇಳಿದರೂ ನಮ್ಮ ಓಣಿಯ ಉತ್ತರ ಒಂದೇ: ಇಲ್ಲ.

"ಆ ಹೆಸರಿನಾಕಿ ಇಲ್ಲಿ ಇಲ್ರಿ, ಸಾಹೇಬ್ರ." ನನ್ನ ಕಡೆ ತಿರುಗಿ, "ಏ ಹುಡುಗಿ, ಯಾರವ್ವಾ ನೀ? ಹಾದಿ ಹಿಡಿ!" ಎಂದಳು.

ನನ್ನ ಕೊಡ ತುಳುಕಿತು. ಪೇದೆ ಪೆನ್ನು ತೆಗೆದರು.

"ಹಂಗಾದ್ರ ಇಲ್ಲಂತ ಬರೀತೀನಿ. ಪಾಪ, ಸರಕಾರಿ ನೌಕರಿ ಹೋತು."

ದೊಡ್ಡವ್ವನ ಕೈಯ ಜಾಲರಿ ಸೌಟು ಎಣ್ಣೆಯಲ್ಲಿ ಬಿತ್ತು. "ನೌಕರಿ? ಅಯ್ಯ, ಇಕಿನ ರೀ ಆಕಿ!"

ಪೇದೆ ನಗಲಿಲ್ಲ. "ಕೇಸೈತಿ ಅಂತ ಅರ್ಜಿಯಾಗ ತಾನ ತಿಳಿಸ್ಯಾಳ. ಖರೇನೇನು?"

ದೊಡ್ಡವ್ವ ನನ್ನನ್ನೇ ನೋಡಿದಳು. ಇನ್ನೊಮ್ಮೆ 'ಇಲ್ಲ' ಅಂದರೆ ನಾನು ಬರೆದದ್ದೇ ಸುಳ್ಳಾಗುತ್ತಿತ್ತು.

"ಖರೇ ಐತ್ರಿ. ಹಾಸ್ಟೆಲಿನ್ಯಾಗ ನೀರಿಲ್ಲಂತ ಹುಡುಗ್ಯಾರೆಲ್ಲ ಖಾಲಿ ಕೊಡ ಇಟ್ಟು ರಸ್ತಾದಾಗ ಕುಂತಿದ್ರು. ಇಕಿನೂ ಕುಂತಿದ್ಲು. ಯಲಬುರ್ಗಾ ಕೋರ್ಟಿನ್ಯಾಗ ಖುಲಾಸ ಆತು. ಅವತ್ತು ನಾನ ಎಲ್ಲಾರಿಗೂ ಭಜಿ ಒಯ್ದಿದ್ದೆ."

"ಮತ್ತೇನರ ತಪ್ಪು?"

"ಐತ್ರಿ. ಭಜಿಗೆ ಉಪ್ಪು ಕಮ್ಮಿ ಅಂತ ಮಾರಿ ಮ್ಯಾಲ ಅಂತಾಳ."

ಪೇದೆಯ ಮೀಸೆ ಅಲುಗಿತು. "ಅವ್ವಾ, ಮೊದಲನೇ ಮಾತು ಬರೀಲೋ, ಎರಡನೇದೋ?"

"ಮೊದಲನೇದು ಅಂಜಿ ಅಂದಿದ್ದು. ಅದನ್ನ ಭಜಿ ಜೋಡಿ ತಿಂದುಬಿಡ್ರಿ."

ತಿಂದರು. ಉಪ್ಪು ಕಮ್ಮಿಯೇ ಅಂದರು. ಇಡೀ ಓಣಿ ನಕ್ಕಿತು.

ನೌಕರಿ ಬಂತು. ಮೊದಲ ರಜೆಯಲ್ಲಿ ಸಮವಸ್ತ್ರ ತೊಟ್ಟು ಅವಳ ಮುಂದೆ ನಿಂತಾಗ, ಹಿಟ್ಟಿನ ಕೈಯಲ್ಲೇ ಸೆಲ್ಯೂಟ್ ಹೊಡೆದು ಹುಬ್ಬನ್ನು ಮತ್ತೆ ಹಳದಿ ಮಾಡಿಕೊಂಡಳು.

ದೊಡ್ಡವ್ವ ಈಗಿಲ್ಲ. ನಾನು ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಲ್ಲುತ್ತೇನೆ. ಖಾಕಿ ಕಂಡ ಕೂಡಲೇ ಕೆಲವರು, ಕೇಳುವ ಮೊದಲೇ, "ಇಲ್ರಿ, ನನ್ನ ಹತ್ರ ಏನೂ ಇಲ್ರಿ" ಎನ್ನುತ್ತಾರೆ.

ನಾನು ನಕ್ಕು, ಅವರ ಎರಡನೇ ಮಾತಿಗೆ ಕಾಯುತ್ತೇನೆ.